ಎಡ್ಸೆಲ್ ಯಾಕೆ ಮಕಾಡೆ ಮಲಗ್ತು, ಮಸ್ಟಾಂಗ್ ಯಾಕೆ ಓಡ್ತು? ಎರಡೂ ಫೋರ್ಡ್‌ದೇ ಅಲ್ವಾ?

ಕಾರ್‌ಹುಚ್ಚ:
50-60ರ ದಶಕದ ಅಮೆರಿಕನ್ ಕಾರುಗಳ ಹಳೇ ಜಾಹೀರಾತು ಹುಡುಕಿ ನೋಡೋದು ಅಂದ್ರೆ ನಂಗೆ ಪ್ರಾಣ. ಒಂದು ವಿಷ್ಯ ಮಾತ್ರ ತಲೆಗೆ ಹೋಗ್ತಿಲ್ಲ. 1957ರಲ್ಲಿ ಎಡ್ಸೆಲ್‌ಗೆ ಫೋರ್ಡ್‌ನೋರು ಎಷ್ಟು ಪ್ರಚಾರ ಮಾಡಿದ್ರು, ಆಗಿನ ಸ್ಟಾರ್ ಗಾಯಕ್ರು ಬಿಂಗ್ ಕ್ರಾಸ್ಬಿ, ಫ್ರಾಂಕ್ ಸಿನಾತ್ರಾ ಇಬ್ರನ್ನೂ ಕರ್ಸಿ ಟಿವೀಲಿ ಶೋನೇ ಮಾಡ್ಸಿದ್ರು, ಆದ್ರೂ 1959 ಮುಗಿಯೋದ್ರೊಳಗೆ ಬಾಗಿಲು ಹಾಕ್ಬೇಕಾಯ್ತು. ಅದೇ ಕಂಪನಿ 1964ರಲ್ಲಿ ಮಸ್ಟಾಂಗ್ ಬಿಟ್ಟಾಗ ಜನ ಮುಗಿಬಿದ್ರು. ಜಾಹೀರಾತಲ್ಲಿ ವ್ಯತ್ಯಾಸಾನಾ, ಇಲ್ಲಾ ಕಾರಲ್ಲೇನಾ? ತಿಳ್ದೋರು ಬಿಡ್ಸಿ ಹೇಳಿ.

ಹಳೇಬಾನೆಟ್:
ಜಾಹೀರಾತು ತನ್ನ ಕೆಲ್ಸ ಮಾಡ್ತು ಸರ್. ತಿಂಗಳುಗಟ್ಲೆ ಕಾರನ್ನ ಪೂರ್ತಿ ತೋರಿಸ್ದೆ, ಹೊದಿಕೆ ಹಾಕಿ ಟ್ರಕ್ಕಲ್ಲಿ ಸಾಗಿಸ್ತಿರೋ ಚಿತ್ರ ಎಲ್ಲಾ ಹಾಕಿ ಕುತೂಹಲ ಎಬ್ಬಿಸಿದ್ರು, ಸೆಪ್ಟೆಂಬರ್ 4ಕ್ಕೆ ಶೋರೂಮ್‌ಗಳಿಗೆ ಜನ ಬಂದಿದ್ದೂ ಬಂದ್ರು, ಆದ್ರೆ ಬಂದೋರು ನೋಡ್ಕೊಂಡು ವಾಪಸ್ ಹೋದ್ರು, ಯಾಕಂದ್ರೆ ಏನೋ ಹೊಸ ಯುಗದ ಕಾರು ಅಂತ ನಂಬಿ ಬಂದೋರಿಗೆ ಸಿಕ್ಕಿದ್ದು ಫೋರ್ಡ್, ಮತ್ತೆ ಅದೇ ಕಂಪನಿಯ ಇನ್ನೊಂದು ಬ್ರಾಂಡ್ ಮರ್ಕ್ಯುರಿ, ಇವುಗಳ ಚಾಸಿಸ್ (ಕಾರಿನ ಅಡಿ ಚೌಕಟ್ಟು) ಮೇಲೇ ಕಟ್ಟಿದ ಕಾರು. ರೇಟೂ ಮರ್ಕ್ಯುರಿ ರೇಟಿನ ಆಸುಪಾಸಲ್ಲೇ ಇತ್ತು. ಹಾಗಿದ್ಮೇಲೆ ಇದು ಯಾರಿಗೋಸ್ಕರ ಅನ್ನೋದಕ್ಕೆ ಡೀಲರ್ ಹತ್ರಾನೂ ಸರಿಯಾದ ಉತ್ತರ ಇರ್ಲಿಲ್ಲ.

ಅದ್ರ ಮೇಲೆ ಕ್ವಾಲಿಟಿ. ಎಡ್ಸೆಲ್‌ಗೆ ಅಂತ ಬೇರೆ ಫ್ಯಾಕ್ಟರಿ ಇಲ್ಲ, ಫೋರ್ಡ್, ಮರ್ಕ್ಯುರಿ ಲೈನಲ್ಲೇ ಮಧ್ಯೆ ಮಧ್ಯೆ ತೂರಿಸಿ ಜೋಡಿಸ್ತಿದ್ರು, ಪಾರ್ಟ್ಸ್ ಇಲ್ದೇನೇ ಡೀಲರ್ ಹತ್ರ ಬಂದಿದ್ದೂ ಉಂಟು. ಟೆಲಿಟಚ್ ಅಂತ ಆಟೋಮ್ಯಾಟಿಕ್ ಗೇರಿನ ಬಟನ್‌ಗಳನ್ನ ಸ್ಟೀರಿಂಗ್ ಮಧ್ಯೆ, ಜನ ಹಾರ್ನ್ ಹುಡುಕೋ ಜಾಗದಲ್ಲಿ ಇಟ್ಟಿದ್ರು, ಅದೂ ಕೈ ಕೊಡ್ತಿತ್ತು. ಮೊದಲ ವರ್ಷ 2 ಲಕ್ಷ ಮಾರ್ತೀವಿ ಅಂದ್ಕೊಂಡಿದ್ರು, ಅಮೆರಿಕದಲ್ಲಿ ಹೋಗಿದ್ದು 63,000 ಚಿಲ್ರೆ.

ಮಲ್ನಾಡ್‌ಡ್ರೈವರ್:
ಎಲ್ಲಾ ಕಾರಿನ ತಲೆಗೇ ಕಟ್ಬೇಡಿ. ಅದು 1957-58ರ ರಿಸೆಷನ್ (ಆರ್ಥಿಕ ಹಿಂಜರಿತ) ಟೈಮು, ಮಧ್ಯಮ ಬೆಲೆಯ ಕಾರುಗಳೆಲ್ಲಾ ಏಟು ತಿಂದ್ವು, ಕ್ರೈಸ್ಲರ್ ಕಂಪನಿಯೋರ ಡಿಸೋಟೋ ಬ್ರಾಂಡ್ ಕೂಡ 1960ಕ್ಕೆ ನಿಂತ್ಹೋಯ್ತು. ಅದೇ ಟೈಮಲ್ಲಿ ಸಣ್ಣ ಕಾರು ರಾಂಬ್ಲರ್ ಚೆನ್ನಾಗಿ ಓಡ್ತಿತ್ತು. ಮಸ್ಟಾಂಗ್ ಬರೋ ಹೊತ್ತಿಗೆ ಎರಡನೇ ಮಹಾಯುದ್ಧ ಮುಗಿದ್ಮೇಲೆ ಹುಟ್ಟಿದ ಮಕ್ಕಳು ಲೈಸೆನ್ಸ್ ತಗೊಳ್ಳೋ ವಯಸ್ಸಿಗೆ ಬಂದಿದ್ರು.

ಹಳೇಬಾನೆಟ್:
ಒಪ್ತೀನಿ. ಆದ್ರೆ ಆ ಹುಡುಗ್ರ ಕೈಗೆ ಎಟುಕೋ ಹಾಗೆ ಮಾಡಿದ್ದು ಫೋರ್ಡ್‌ನ ಮ್ಯಾನೇಜರ್ ಲೀ ಐಯಕೋಕಾ ಟೀಮು, ನಂಗೆ ಅದೇ ದೊಡ್ಡದು ಅನ್ಸತ್ತೆ. ಒಳಗಿರೋದು ಹೆಚ್ಚು ಕಮ್ಮಿ ಫೋರ್ಡ್‌ದೇ ಸಾದಾ ಫಾಲ್ಕನ್ ಕಾರಿನ ಸಾಮಾನೇ, ಅದಕ್ಕೇ 2,368 ಡಾಲರ್‌ಗೆ ಕೊಡಕ್ಕಾಯ್ತು, ಆ ರೇಟನ್ನ ಮುಚ್ಚಿಡ್ದೆ ಜಾಹೀರಾತಲ್ಲೇ ದೊಡ್ಡದಾಗಿ ಹಾಕಿದ್ರು. ಎಡ್ಸೆಲ್ ಜಾಹೀರಾತಿಗೆ ಪೂರಾ ಉಲ್ಟಾ ನೋಡಿ. ಆಪ್ಷನ್ ಪಟ್ಟಿ ಉದ್ದಕ್ಕಿತ್ತು, ಕಾಲೇಜ್ ಹುಡುಗ ಆರು ಸಿಲಿಂಡರ್ ತಗೋಬೋದು, ದುಡ್ಡಿರೋನು ಎಂಟು ಸಿಲಿಂಡರಿನ ವಿ8 ಹಾಕ್ಸ್ಕೋಬೋದು, ಕಾರು ಅದೇ.

ಏಪ್ರಿಲ್ 16ರ ರಾತ್ರಿ ಮೂರೂ ಟಿವಿ ನೆಟ್‌ವರ್ಕಲ್ಲಿ ಒಟ್ಟಿಗೆ ಜಾಹೀರಾತು, ಮಾರನೇ ದಿನ ನ್ಯೂಯಾರ್ಕ್ ವರ್ಲ್ಡ್ಸ್ ಫೇರಲ್ಲಿ ಕಾರು, ಅವತ್ತೊಂದೇ ದಿನ 22,000 ಆರ್ಡರ್. ಒಂದು ವರ್ಷದಲ್ಲಿ 4 ಲಕ್ಷ ದಾಟ್ತು.

ಕಾರ್‌ಹುಚ್ಚ:
ಥ್ಯಾಂಕ್ಸ್ ಇಬ್ರಿಗೂ! ಮೊದಲನೇ ಮಸ್ಟಾಂಗ್ ಯಾರ ಹತ್ರ ಇದೆ ಈಗ?

ಹಳೇಬಾನೆಟ್:
ಸೀರಿಯಲ್ ನಂಬರ್ 1 ತಾನೆ? ಅದನ್ನ ಕೆನಡಾದ ನ್ಯೂಫೌಂಡ್‌ಲ್ಯಾಂಡಲ್ಲಿ ಒಬ್ರು ಪೈಲಟ್ ಡೀಲರ್ ಹತ್ರ ನೋಡಿ ತಗೊಂಡ್ಬಿಟ್ಟಿದ್ರು. ಕೊನೆಗೆ 1966ರಲ್ಲಿ ಹತ್ತು ಲಕ್ಷನೇ ಮಸ್ಟಾಂಗ್ ಅವ್ರಿಗೆ ಕೊಟ್ಟು ಫೋರ್ಡ್‌ನೋರು ವಾಪಸ್ ಇಸ್ಕೊಂಡ್ರು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಲ್ಲಿದೆ, ಬಿಳಿ ಬಣ್ಣದ ಕನ್ವರ್ಟಿಬಲ್ (ಮೇಲ್ಛಾವಣಿ ಮಡಚೋ ಕಾರು).