ಬೇಸ್‌ಬಾಲ್ ಸ್ವಿಂಗ್: ಮೇಲಿಂದ ಕೊಚ್ಬೇಕಾ, ಎತ್ತಿ ಹೊಡೀಬೇಕಾ? ಆಡಿರೋರು ಹೇಳಿ

ಗೌರಿಬಿದನೂರಿಂದ ಕೇಳಿದ್ದು:
ನನ್ ತಮ್ಮ ಪಿಯು ಓದ್ತಿದಾನೆ, ಟೆನಿಸ್ ಬಾಲ್ ಕ್ರಿಕೆಟ್ಟಲ್ಲಿ ಭರ್ಜರಿ ಹೊಡೀತಾನೆ ಅಂತ ಕಾಲೇಜ್ ಬೇಸ್‌ಬಾಲ್ ಟೀಮಿಗೆ ಹಾಕ್ಕೊಂಡಿದಾರೆ. ಪಿಟಿ ಸರ್ ಬ್ಯಾಟು ಮೇಲಿಂದ ಕೆಳಗೆ ಬರ್ಬೇಕು ಅಂತಾರೆ, ಇವ್ನು ನೋಡೋ ವಿಡಿಯೋದೋರೆಲ್ಲ ಎತ್ತಿ ಹೊಡಿ ಅಂತಾರೆ. ಸದ್ಯಕ್ಕೆ ಹೊಡ್ದಿದ್ದೆಲ್ಲ ನೆಲದ ಮೇಲೇ ಉರುಳ್ತಿದೆ. ಯಾರ ಮಾತು ಕೇಳೋದು?

ತುಮಕೂರಿಂದ:
ಸರ್ ಮಾತೇ ಕೇಳ್ಲಿ ಗುರು. ನಾನು ಕಾಲೇಜ್ ಟೀಮಲ್ಲಿ ಶಾರ್ಟ್‌ಸ್ಟಾಪ್ (ಸೆಕೆಂಡ್ ಬೇಸಿಗೂ ಥರ್ಡ್ ಬೇಸಿಗೂ ಮಧ್ಯೆ ಫೀಲ್ಡಿಂಗ್) ನಿಂತವನು, ನಮ್ ಕಡೆ ಗ್ರೌಂಡ್ ಗೊತ್ತಲ್ಲ, ಜಲ್ಲಿ, ಗುಂಡಿ, ನಿನ್ನೆ ಕಬಡ್ಡಿಗೆ ಎಳೆದಿರೋ ಗೆರೆ, ಜೋರಾಗಿ ನೆಲಕ್ಕೆ ಹೊಡ್ದ್ರೆ ಚೆಂಡು ಎಲ್ಲಿ ಪುಟಿಯುತ್ತೆ ಅಂತ ದೇವರಿಗೂ ಗೊತ್ತಿರಲ್ಲ, ಒಂದ್ಸಲ ಎದೆಗೇ ಬಂದು ಬಡೀತು. ಆಮೇಲೆ ಹಿಡ್ದು, ಹೊಡೆದೋನು ಓಡಿ ಮುಟ್ಟೋಕೆ ಮುಂಚೆ ಫಸ್ಟ್ ಬೇಸಿಗೆ ಎಸೀಬೇಕು, ಅವ್ನು ಹಿಡೀಬೇಕು. ಎತ್ತಿ ಹೊಡೆದ್ರೆ ಕ್ಯಾಚು, ಕ್ರಿಕೆಟ್ ಆಡಿರೋ ಹುಡುಗ್ರು ಬೇರೆ ಏನ್ ಬಿಟ್ರೂ ಕ್ಯಾಚ್ ಬಿಡಲ್ಲ.

ಕೋಲಾರದಿಂದ:
ಮೇಲಿನವ್ರು ಹೇಳಿದ್ದು ತಾಲ್ಲೂಕು ಮ್ಯಾಚಿಗೆ ಸರಿ, ಒಪ್ತೀನಿ. ಆದ್ರೆ ಅದು ಮ್ಯಾಚ್ ಗೆಲ್ಲೋ ಉಪಾಯ ಅಷ್ಟೆ, ಸ್ವಿಂಗ್ ಹೆಂಗಿರ್ಬೇಕು ಅನ್ನೋದು ಬೇರೆ ವಿಷ್ಯ. ನಾನು ಹುಡುಗ್ರಿಗೆ ಸಾಫ್ಟ್‌ಬಾಲು ಬೇಸ್‌ಬಾಲು ಎರಡೂ ಹೇಳ್ಕೊಡ್ತೀನಿ, ಕ್ರಿಕೆಟ್ಟಿಂದ ಬಂದೋರದ್ದೆಲ್ಲ ಒಂದೇ ಕಾಯಿಲೆ. ಕ್ರಿಕೆಟ್ಟಲ್ಲಿ ಚೆಂಡು ನೆಲಕ್ಕೆ ಬಿದ್ದು ಮೇಲಕ್ಕೆ ಏಳ್ತಾ ಬರುತ್ತೆ, ಅದಕ್ಕೇ ಪುಲ್ ಹೊಡೆಯುವಾಗ ಮಣಿಕಟ್ಟು ತಿರುಗ್ಸಿ ಕೆಳಗೆ ಇಡು ಅಂತ ಚಿಕ್ಕೋನಿದ್ದಾಗಿಂದ ಕಲ್ತಿರ್ತಾರೆ. ಬೇಸ್‌ಬಾಲಲ್ಲಿ ಪಿಚ್ಚೇ ಬೀಳಲ್ಲ, ಪಿಚರ್, ಅಂದ್ರೆ ಚೆಂಡು ಎಸೆಯೋನು, ನಿಲ್ಲೋ ದಿಬ್ಬಾನೇ 10 ಇಂಚು ಎತ್ತರ, ಚೆಂಡು ಅಲ್ಲಿಂದ ಇಳೀತಾನೇ ಬರುತ್ತೆ, ಬ್ಯಾಟೂ ಕೆಳಗೇ ಇಳಿದ್ರೆ ಎರಡೂ ಒಂದು ಕಡೆ ಅಡ್ಡ ಹಾಯ್ತವೆ ಅಷ್ಟೆ, ಸ್ವಲ್ಪ ಬೇಗ ಆದ್ರೂ ಹೋಯ್ತು, ತಡ ಆದ್ರೂ ಹೋಯ್ತು. ಚೆಂಡು ಬರೋ ದಾರೀಲೇ ಬ್ಯಾಟು ಎದುರು ಹೋದ್ರೆ ಟೈಮಿಂಗ್ ಒಂಚೂರು ಆಚೆ ಈಚೆ ಆದ್ರೂ ತಗುಲುತ್ತೆ. ಅಮೆರಿಕದ ಹಳೇ ದೊಡ್ಡ ಬ್ಯಾಟರ್ ಟೆಡ್ ವಿಲಿಯಮ್ಸ್ ಹೇಳ್ತಿದ್ದಿದ್ದೂ ಇದನ್ನೇ, ಸ್ವಲ್ಪ ಮೇಲ್ಮುಖವಾಗಿ ಹೋಗ್ಲಿ ಅಂತ, 1941ರಲ್ಲಿ ಅವ್ರ ಸರಾಸರಿ .406, ಅಂದ್ರೆ ಹತ್ತಕ್ಕೆ ನಾಲ್ಕು ಸಲ ಹಿಟ್. ಅದಕ್ಕೂ ಮೊಬೈಲಲ್ಲಿ ತೋರ್ಸೋ ಎತ್ತಾಟಕ್ಕೂ ಸಂಬಂಧ ಇಲ್ಲ.

ಇನ್ನೊಂದು, ಕ್ರಿಕೆಟ್ ಬ್ಯಾಟು ನಾಲ್ಕೂಕಾಲು ಇಂಚು ಅಗಲ, ಚಪ್ಪಟೆ. ಇದು ಗುಂಡು, ದಪ್ಪ ಇರೋ ಕಡೇನೇ 2.61 ಇಂಚು ಮೀರಂಗಿಲ್ಲ. ಬ್ಯಾಟು ಚೆಂಡಿನ ಮೇಲ್ಭಾಗಕ್ಕೆ ಒಂಚೂರು ತಗುಲಿದ್ರೆ ನೆಲಕ್ಕೆ, ಕೆಳಭಾಗಕ್ಕೆ ತಗುಲಿದ್ರೆ ಆಕಾಶಕ್ಕೆ.

ಕಾಲು ಎತ್ಬೇಕಾ, ಬ್ಯಾಟು ಎಷ್ಟು ಎತ್ತರ ಹಿಡೀಬೇಕು ಅಂತ ಹುಡುಗ್ರು ಜಗಳ ಆಡ್ತಾರಲ್ಲ, ಅದು ಅವರವರ ಸ್ಟೈಲು. ಜಪಾನಿನ ಆಟಗಾರ ಓಹ್ತಾನಿ 2018ರಲ್ಲಿ ಅಮೆರಿಕಕ್ಕೆ ಬಂದಾಗ ಮುಂಗಾಲು ಎತ್ತಿ ಹೊಡೆಯೋದೇ ಬಿಟ್ರು, 2024ರಲ್ಲಿ 54 ಹೋಮ್ ರನ್ (ನಮ್ ಸಿಕ್ಸರ್ ಥರ). ನೋಡ್ಬೇಕಾಗಿದ್ದು ತಗುಲೋ ಗಳಿಗೇಲಿ ಏನಾಗುತ್ತೆ ಅಂತ. ಬಲಗೈ ಆಟಗಾರ ಆದ್ರೆ ಬಲ ಅಂಗೈ ಆಕಾಶ ನೋಡ್ತಿರ್ಬೇಕು, ಎಡ ಅಂಗೈ ನೆಲ ನೋಡ್ತಿರ್ಬೇಕು, ಮಣಿಕಟ್ಟು ತಿರುಗೋದು ಚೆಂಡು ಹೋದ್ಮೇಲೆ. ಮತ್ತೆ ಮುಂಗಾಲು ಊರಿದ್ಮೇಲೆ ಮೊದ್ಲು ಸೊಂಟ, ಆಮೇಲೆ ಎದೆ, ಕೊನೇಗೆ ಕೈ. ಸೌದೆ ಸೀಳೋ ಥರ ಭುಜ ಕೈ ಎಲ್ಲಾ ಒಟ್ಟಿಗೆ ಹೋದ್ರೆ ಜೋರು ಬರಲ್ಲ. ನಿಮ್ ತಮ್ಮ ಹೊಡ್ದಿದ್ದು ಯಾವ ಕಡೆ ಉರುಳುತ್ತೆ ಅಂತ ಹೇಳಿ, ಅಲ್ಲೇ ಅರ್ಧ ಗೊತ್ತಾಗುತ್ತೆ.

ಶಿಡ್ಲಘಟ್ಟದಿಂದ:
ಥಿಯರಿ ಆಮೇಲೆ, ಮೊದ್ಲು ಒಂದು ಟೀ, ಅಂದ್ರೆ ಚೆಂಡು ಕೂರ್ಸಿ ಹೊಡೆಯೋ ಸ್ಟ್ಯಾಂಡು, ಮಾಡ್ಕೊಡಿ. ಹೊಲದಲ್ಲಿ ಮಿಕ್ಕಿರೋ ಪಿವಿಸಿ ಪೈಪು ಸೊಂಟದೆತ್ತರಕ್ಕೆ ಕೊಯ್ದು, ಹಳೇ ಬಕೆಟ್ಟಲ್ಲಿ ಸಿಮೆಂಟ್ ಹಾಕಿ ನಿಲ್ಸಿ, ತುದಿಗೆ ಸೈಕಲ್ ಟ್ಯೂಬ್ ಸುತ್ತಿದ್ರೆ ಚೆಂಡು ಕೂರುತ್ತೆ, ಬ್ಯಾಟು ತಾಗಿದ್ರೂ ಪೈಪು ಒಡೆಯಲ್ಲ. ಎದುರಿಗೆ ಪಾಲಿಹೌಸಿನ ಹಳೇ ಶೇಡ್ ನೆಟ್ ಎರಡು ಮಡಿಕೆ ಮಾಡಿ ಸಡಿಲವಾಗಿ ಕಟ್ಟಿ, ಬಿಗಿಯಾಗಿ ಕಟ್ಟಿದ್ರೆ ಚೆಂಡು ವಾಪಸ್ ಮುಖಕ್ಕೇ ಬರುತ್ತೆ. ಪಕ್ಕದಿಂದ ಸ್ಲೋ ಮೋಷನ್ನಲ್ಲಿ ತೆಗೆದು ನೋಡ್ಲಿ. ಇನ್ನೊಂದ್ ಮಾತು, ಕಾಲೇಜಲ್ಲಿ ಎಲ್ರಿಗೂ ಒಂದೇ ಭಾರದ ಬ್ಯಾಟ್ ಇರುತ್ತೆ, ಸಣ್ಣ ಹುಡುಗ ಆದ್ರೆ ಹಿಡಿ ಒಂದಿಂಚು ಮೇಲಕ್ಕೆ ಹಿಡೀಲಿ, ನಾಚ್ಕೆ ಏನಿಲ್ಲ.

ಗೌರಿಬಿದನೂರು:
ಬಲಗೈ ಆಟಗಾರ ಸರ್, ಎಲ್ಲಾ ಥರ್ಡ್ ಬೇಸ್ ಕಡೆಗೇ, ಅಂದ್ರೆ ಎಡಕ್ಕೇ ಹೋಗುತ್ತೆ. ಪಿಟಿ ಸರ್ ಹೇಳಿದ್ದು ತಪ್ಪು ಅಂತ ಹೇಳೋದ್ ಹೆಂಗೆ, ಟೀಮಿಂದಾನೇ ತೆಗೆದ್ಬಿಟ್ರೆ?

ಕೋಲಾರ:
ಹಂಗಾದ್ರೆ ಮಣಿಕಟ್ಟು ಬೇಗ ತಿರುಗ್ತಿದೆ, ಪಕ್ಕಾ ಕ್ರಿಕೆಟ್ ಪುಲ್ಲು. ಸರ್ ಹತ್ರ ವಾದ ಮಾಡೋದೇ ಬೇಡ, ಭುಜದ ಹತ್ರ ಇರೋ ಬ್ಯಾಟು ಚೆಂಡಿನ ದಾರಿಗೆ ಬರೋಕೆ ಮೊದ್ಲು ಕೆಳಗೆ ಇಳೀಲೇಬೇಕು, ಸರ್ ಹೇಳ್ತಿರೋದು ಆ ಭಾಗ ಅಂತ ಇಟ್ಕೊಳ್ಳಿ. ಅಲ್ಲಿಂದಾಚೆ ಚಪ್ಪಟೆಯಾಗಿ, ಸ್ವಲ್ಪ ಮೇಲಕ್ಕೆ. ಟೀ ಮೇಲಿನ ಚೆಂಡು ಮುಂಗಾಲಿನ ನೇರಕ್ಕೆ ಇಟ್ಟು, ನೇರ ಎದುರಿಗಿರೋ ಸೆಕೆಂಡ್ ಬೇಸ್ ಮೇಲಿಂದ ಹೋಗೋ ಹಂಗೆ ಹೊಡೀಲಿ, ಎಡಕ್ಕೆ ಹೋದ ಹೊಡೆತ ಲೆಕ್ಕಕ್ಕಿಲ್ಲ ಅಂತ ಹೇಳಿ. ಎಸೆಯೋ ಚೆಂಡು ಆಮೇಲೆ ನೋಡೋಣ. ಹುಡುಗ್ರು ಎಸೆಯೋದು ಗಂಟೆಗೆ 100 ಕಿಲೋಮೀಟರ್ ಇದ್ರೂ 0.6 ಸೆಕೆಂಡ್ ಟೈಮ್ ಇರುತ್ತೆ, ದೊಡ್ಡ ಲೀಗಲ್ಲಿ 150 ದಾಟಿದ ಚೆಂಡಿಗೆ ಸಿಗೋ 0.4ರ ಚಿಂತೆ ಈಗ ಬೇಡ. ಆ ಸ್ಲೋ ಮೋಷನ್ ವಿಡಿಯೋ ಇಲ್ಲೇ ಹಾಕಿ.