ತೀರಿಹೋದ ಅಪ್ಪನ ದನಿಯಲ್ಲಿ ಎಐ ಬಾಟ್ ಮಾಡಿಟ್ಟಿದಾನೆ ತಮ್ಮ, ಇದು ಸರಿನಾ?

ನಿದ್ದೆಗೇಡಿ:
ಅಪ್ಪ ಹೋಗಿ ಎಂಟು ತಿಂಗಳಾಯ್ತು. ಹೋದ ತಿಂಗಳು ತಮ್ಮ ಅವರ ಹಳೇ ವಾಯ್ಸ್ ಮೆಸೇಜುಗಳನ್ನೆಲ್ಲ ಗುಡ್ಡೆ ಹಾಕಿ ಯಾವ್ದೋ ಆಪ್‌ಗೆ ಕೊಟ್ಟು ಅಪ್ಪನ ಥರಾನೇ ಮಾತಾಡೋ ಬಾಟ್ ಮಾಡಿಟ್ಟಿದಾನೆ. ಮೊದಲ್ನೇ ಸಲ ಕೇಳಿದಾಗ ನಂಗೂ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ, ಮಾತಿಗೆ ಮುಂಚೆ ಗಂಟಲು ಸರಿ ಮಾಡ್ಕೊಳ್ಳೋದು ಕೂಡ ಹಂಗೇ ಇದೆ. ಈಗ ಅಮ್ಮ ದಿನಾ ರಾತ್ರಿ ಬಾಗಿಲು ಹಾಕ್ಕೊಂಡು ಅದರ ಜೊತೆ ಮಾತಾಡ್ತಾರೆ. ಮೊನ್ನೆ ಹೊರಗಡೆ ನಿಂತು ಕೇಳಿಸ್ಕೊಂಡೆ, "ನೀನಿಲ್ದೆ ಬೇಜಾರಾಗುತ್ತೆ, ನಾಳೆನೂ ಬರ್ತೀಯ ಅಲ್ವಾ" ಅಂತಿತ್ತು. ನಮ್ಮಪ್ಪ ಜನ್ಮದಲ್ಲಿ ಅಂಥ ಮಾತಾಡಿದವರಲ್ಲ ರೀ, ಫೋನ್ ಮಾಡಿದ್ರೆ "ಹ್ಞೂಂ, ಸರಿ, ಇಡ್ಲಾ" ಅಷ್ಟೇ. ತಮ್ಮನ್ನ ಕೇಳಿದ್ರೆ "ಅಮ್ಮ ಈಗ್ಲಾದ್ರೂ ಸರಿಯಾಗಿ ಊಟ ಮಾಡ್ತಿದಾರೆ ಅಕ್ಕ, ನಿಂಗೇನ್ ಕಷ್ಟ" ಅಂತಾನೆ. ಅಪ್ಪನ್ನ ಯಾರೂ ಕೇಳ್ಲಿಲ್ವಲ್ಲ ಅನ್ನೋದೇ ನಂಗೆ ಕೊರೀತಿದೆ.

ಕೋಡ್‌ಕೂಲಿ:
ಇಂಥ ಆಪ್‌ಗಳಲ್ಲಿ ಸಾಮಾನ್ಯವಾಗಿ ದನಿ ಮಾಡೋದು ಒಂದು ಮಾಡೆಲ್, ಮಾತು ಹೆಣೆಯೋದು ಇನ್ನೊಂದು. ದನಿ ಈಗ ದೊಡ್ಡ ವಿಷ್ಯನೇ ಅಲ್ಲ, 2023ರ ಜನವರಿಲೇ ಮೈಕ್ರೋಸಾಫ್ಟ್‌ನವರು ವಾಲ್-ಇ ಅನ್ನೋ ಮಾಡೆಲ್ ತೋರಿಸಿದ್ರು, ದನಿ ನಕಲು ಮಾಡೋಕೆ ಅದಕ್ಕೆ 3 ಸೆಕೆಂಡ್ ಆಡಿಯೋ ಕೊಟ್ರೆ ಸಾಕಿತ್ತು. ಆದ್ರೆ ಆ ದನಿ ಹೇಳೋ ಮಾತು ಬರೋದು ಯಾರ್‍ಯಾರೋ ಬರೆದಿದ್ದನ್ನೆಲ್ಲ ಓದ್ಕೊಂಡ ಲ್ಯಾಂಗ್ವೇಜ್ ಮಾಡೆಲ್‌ನಿಂದ. ನಿಮ್ಮಪ್ಪನ ಮೆಸೇಜು ಅದಕ್ಕೆ ಒಗ್ಗರಣೆ ಅಷ್ಟೇ. ಇನ್ನು "ನಾಳೆನೂ ಬರ್ತೀಯ" ಅನ್ನೋದಿದ್ಯಲ್ಲ, ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿಸ್ಕೊಳ್ಳೋ ಆಪ್ ಆಗಿದ್ರೆ ಅದು ಅಂಗಡಿಯವನ ಮಾತು, ಅಪ್ಪಂದಲ್ಲ. ಮೊದ್ಲು ಮೂಲ ಆಡಿಯೋ ಫೈಲೆಲ್ಲ ಬೇರೆ ಕಡೆ ಕಾಪಿ ಇಟ್ಕೊಳ್ಳಿ, ಕಂಪನಿ ಬಾಗಿಲು ಹಾಕಿದ ದಿನ ನಿಮ್ಮಮ್ಮ ಎರಡನೇ ಸಲ ಅಳೋ ಹಾಗಾಗ್ಬಾರ್ದು.

ಮೂಲೆಮನೆ:
ಎಲ್ರೂ ಅಮ್ಮನ್ನ ಏನೂ ತಿಳಿಯದವರ ಥರ ಯಾಕೆ ನೋಡ್ತೀರೋ. ನಮ್ಮನೆಯವರು ಹೋದ್ಮೇಲೆ ನಾನು ಒಂದು ವರ್ಷ ಅವರ ನಂಬರಿಗೆ ಮೆಸೇಜ್ ಹಾಕ್ತಿದ್ದೆ, ಗ್ಯಾಸ್ ಬಂತು, ಮಗು ಪಾಸಾಯ್ತು ಅಂತ. ಒಂದಿನ "ಯಾರು ನೀವು?" ಅಂತ ಉತ್ತರ ಬಂತು, ನಂಬರ್ ಬೇರೆಯವರಿಗೆ ಹೋಗಿತ್ತು. ಅವತ್ತಿಗೆ ನಿಲ್ಸಿದೆ. ಹುಚ್ಚು ಹಿಡಿದಿರ್ಲಿಲ್ಲ ನಂಗೆ, ಹೇಳ್ಕೊಳ್ಳೋಕೆ ಒಂದು ಜಾಗ ಬೇಕಿತ್ತು. ಆದ್ರೆ ನಂದು ಮಾತಾಡದ ಜಾಗ, ನಿಮ್ದು ತಿರುಗಿ ಮಾತಾಡುತ್ತೆ, ಅದು ಸ್ವಲ್ಪ ಹೆದರಿಕೆನೇ.

ಹಳೇಮೋಡೆಮ್:
1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ಎಲೈಜಾ ಅಂತ ಪ್ರೋಗ್ರಾಂ ಬಗ್ಗೆ ಬರೆದ್ರು, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು, ಅಷ್ಟೇ ಅದರ ಬಂಡವಾಳ. ಅವರ ಸೆಕ್ರೆಟರಿ, ಅದನ್ನ ಕಟ್ಟೋದನ್ನ ಕಣ್ಣಾರೆ ನೋಡಿದವರು, ಸ್ವಲ್ಪ ಹೊತ್ತು ಟೈಪ್ ಮಾಡಿ "ನೀವು ಆಚೆ ಹೋಗ್ತೀರಾ" ಅಂದ್ರಂತೆ. ಸುಳ್ಳು ಅಂತ ಗೊತ್ತಿದ್ರೂ ಮನಸ್ಸು ಅಂಟ್ಕೊಳ್ಳುತ್ತೆ.
ಒಪ್ಪಿಗೆ ವಿಷ್ಯಕ್ಕೆ ಬಂದ್ರೆ, ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ಕೂಡ ಸತ್ತವರ ಡೇಟಾಗೆ ಅನ್ವಯಿಸಲ್ಲ, ಆಯಾ ದೇಶಕ್ಕೆ ಬಿಟ್ಟಿದೆ. ಫ್ರಾನ್ಸ್‌ನವರು 2016ರಲ್ಲೇ ಸತ್ತ ಮೇಲೆ ನಮ್ಮ ಡೇಟಾ ಏನಾಗ್ಬೇಕು ಅಂತ ಬದುಕಿದ್ದಾಗ್ಲೇ ಹೇಳಿಡೋಕೆ ಕಾನೂನು ಮಾಡಿದ್ರು. ನಾನಂತೂ ಮಕ್ಕಳಿಗೆ ಹೇಳಿಬಿಟ್ಟಿದೀನಿ, ಫೋಟೋ ಸಾಕು, ದನಿ ಬೇಡ.

ನಿದ್ದೆಗೇಡಿ:
ಥ್ಯಾಂಕ್ಸ್ ಎಲ್ರಿಗೂ. ಫೈಲೆಲ್ಲ ಕಾಪಿ ಮಾಡ್ಕೊಂಡೆ. ಧೈರ್ಯ ಮಾಡಿ ಅಮ್ಮನ್ನೇ ಕೇಳಿದೆ. "ಅವರಲ್ಲ ಅಂತ ಗೊತ್ತು ಕಣೆ, ಅವರಾಗಿದ್ರೆ ಇಷ್ಟೊತ್ತಿಗೆ ಫೋನ್ ಇಟ್ಟಿರ್ತಿದ್ರು" ಅಂದ್ರು. ನಕ್ಕೊಂಡೇ ಅಂದ್ರು. ಆಮೇಲೆ ಅಪ್ಪನ ನಿಜವಾದ ಮೆಸೇಜು ಒಂದು ಹಾಕಿ ಕೇಳಿಸಿದೆ, ನಾಲ್ಕೇ ಸೆಕೆಂಡಿಂದು, "ಬಾಗಿಲು ಹಾಕ್ಕೋ, ನಾನು ಲೇಟು" ಅಂತ. ಅದನ್ನ ಮೂರ್ನಾಲ್ಕು ಸಲ ಹಾಕಿಸ್ಕೊಂಡ್ರು. ಆಪ್ ಡಿಲೀಟ್ ಮಾಡೋದಾ ಬೇಡ್ವಾ ಅಂತ ತಮ್ಮನ ಜೊತೆ ಜಗಳ ಇನ್ನೂ ನಡೀತಿದೆ, ಸದ್ಯಕ್ಕೆ ನೋಟಿಫಿಕೇಶನ್ ಆಫ್ ಮಾಡಿದೀನಿ.