ಪದಚರ್ಚೆ: ಶಿಲೀಂಧ್ರದಿಂದ ಹುಳುವಿಗೆ ಏರುವ ವಿಷಕ್ಕೆ ಏನೆನ್ನಬೇಕು?

ಮಂಡ್ಯದಿಂದ:
ಮಾನ್ಯರೇ, ಮೆಕ್ಕೆಜೋಳದ ಸುಳಿ ತಿನ್ನುವ ಲದ್ದಿಹುಳುವಿನ ಜೈವಿಕ ಹತೋಟಿಯನ್ನು ಕುರಿತ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದು, ಅದು ನಾಳೆ ಅಚ್ಚಿಗೆ ಹೋಗಬೇಕಾಗಿದೆ. ಮೆಟಾರೈಜಿಯಂ ಅನೈಸೋಪ್ಲಿಯೆ ಎಂಬ ಶಿಲೀಂಧ್ರವು ಹುಳುವಿನ ಹೊರಚರ್ಮವನ್ನು ಕೊರೆದು ಒಳಹೊಕ್ಕು, ಡೆಸ್ಟ್ರಕ್ಸಿನ್ ಎಂಬ ವಸ್ತುಗಳನ್ನು ಉತ್ಪಾದಿಸುತ್ತದೆ. ಇವು ಸ್ನಾಯುಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡುವುದರಿಂದ ಹುಳು ಸೆಟೆದುಕೊಂಡು ಮೇವು ಬಿಡುತ್ತದೆ. ಇಂಥ ವಸ್ತುಗಳಿಗೆ ‘ಶಿಲೀಂಧ್ರವಿಷ’ ಎನ್ನಬಹುದೇ?

ಮೈಸೂರಿನಿಂದ:
ಬೇಡ. ಸಮಾಸದಲ್ಲಿ ವಿಭಕ್ತಿ ಅಡಗಿಹೋಗಿ, ವಿಷವು ಶಿಲೀಂಧ್ರದ್ದೋ ಶಿಲೀಂಧ್ರಕ್ಕೆ ಹಾಕುವುದೋ ತಿಳಿಯುವುದಿಲ್ಲ. ಸರ್ಪವಿಷ ಸರ್ಪದ್ದೇ, ಇಲಿಪಾಷಾಣವಾದರೋ ಇಲಿಗೆ ಇಡುವುದು. ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣ ಸಿಂಪಡಿಸಿ ರೂಢಿಯಿರುವ ರೈತರು ಇದನ್ನು ಶಿಲೀಂಧ್ರನಾಶಕವೆಂದೇ ಓದಿಕೊಳ್ಳುತ್ತಾರೆ. ಮೆಟಾರೈಜಿಯಂ, ಶಿಲೀಂಧ್ರನಾಶಕ ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಿದರೆ ಮೆಟಾರೈಜಿಯಮ್ಮೇ ಸಾಯುತ್ತದೆ.

ನಂಜನಗೂಡಿನಿಂದ:
ಸಂಸ್ಕೃತದ ಮೇಲೆ ಸಂಸ್ಕೃತ ಹೇರಿಕೊಂಡು ಆಮೇಲೆ ವಿಭಕ್ತಿ ಹುಡುಕುವುದೇಕೆ? ‘ಬೂಷ್ಟಿನ ನಂಜು’ ಎಂದರೆ ಮುಗಿಯಿತು. ನಂಜು ದ್ರಾವಿಡದ ಸ್ವಂತ ಪದ; ತಮಿಳಿನಲ್ಲೂ ಮಲಯಾಳದಲ್ಲೂ ಇದೆ, ನಮ್ಮೂರಿನ ಹೆಸರಿನಲ್ಲೇ ಇದೆ. ವಿಷ ಎಂಬುದು ಎರವಲು.

ಮೈಸೂರಿನಿಂದ:
ನಂಜುಂಡೇಶ್ವರನ ಮೇಲಿನ ಭಕ್ತಿಯಿಂದ ಕರಪತ್ರ ಬರೆಯಲಾಗದು. ಅಲಸಂದೆ, ಹೆಸರು ಬೆಳೆಯುವವರಿಗೆ ‘ಹಳದಿ ನಂಜುರೋಗ’ವೆಂದರೆ ವೈರಸ್ಸಿನಿಂದ ಬರುವುದು. ಹುಳುಗಳನ್ನು ಕೊಲ್ಲಲು ಎನ್‌ಪಿವಿ ಎಂಬ ವೈರಸ್ಸನ್ನೇ ಸಿಂಪಡಿಸುವುದೂ ಉಂಟು. ಅದಕ್ಕೆ ಆಗ ಯಾವ ನಂಜು ಎನ್ನುತ್ತೀರಿ? ಇನ್ನು ಬೂಷ್ಟು ಎಂದೊಡನೆ ನೆನಪಾಗುವುದು ಮುಗ್ಗಿದ ಕಡಲೆಕಾಯಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮನುಷ್ಯರ ಯಕೃತ್ತಿಗೇ ಮಾರಕ.

ಎರವಲಿನ ಜಗಳವನ್ನು ಯೂರಿಯಾ, ಪೊಟ್ಯಾಷ್ ಎಂಬ ಮಾತುಗಳು ಯಾವತ್ತೋ ತೀರಿಸಿವೆ. ಡೆಸ್ಟ್ರಕ್ಸಿನ್ ಹಾಗೆಯೇ ಇರಲಿ. ಮೊದಲ ಸಲ ಬಂದಲ್ಲಿ ‘ಶಿಲೀಂಧ್ರವು ಹುಳುವಿನ ಮೈಯೊಳಗೆ ಉಂಟುಮಾಡುವ ವಿಷ’ ಎಂದು ಬಿಡಿಸಿ ಬರೆದು, ಮುಂದೆ ಬರಿಯ ‘ವಿಷ’ ಎಂದರೆ ಸಾಕು.

ಕನ್ನಡದ್ದೇ ಪದ ಬೇಕೆನ್ನುವವರಿಗೆ ಮಂಡ್ಯ ಜಿಲ್ಲೆಯ ರೇಷ್ಮೆ ಸಾಕಣೆ ಮನೆಯಲ್ಲೇ ‘ಸುಣ್ಣಕಟ್ಟು’ ಇದೆ. ಸತ್ತ ಹುಳು ಸೀಮೆಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗುವ ಆ ರೋಗಕ್ಕೆ ಸೂಕ್ಷ್ಮಜೀವಿಯೇ ಕಾರಣವೆಂದು ಇಟಲಿಯ ಅಗಸ್ಟಿನೋ ಬಾಸ್ಸಿ 1835ರಲ್ಲಿ ತೋರಿಸಿದ್ದರು. ಇಂದು ಅದೇ ಶಿಲೀಂಧ್ರ, ಬ್ಯುವೇರಿಯಾ, ಜೈವಿಕ ಕೀಟನಾಶಕವಾಗಿ ಮಾರಾಟವಾಗುತ್ತಿದೆ. ಆದರೆ ಇದು ರೋಗದ ಹೆಸರು, ವಿಷದ್ದಲ್ಲ. ಕರಪತ್ರದಲ್ಲಿ ಈ ಪದವನ್ನು ಎಚ್ಚರಿಕೆಯ ಸಾಲಿಗೆ ಬಳಸಿ: ‘ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಸಿಂಪಡಿಸಬೇಡಿ, ರೇಷ್ಮೆಹುಳುವಿಗೂ ಸುಣ್ಣಕಟ್ಟಿನಂಥ ರೋಗ ಬರಬಹುದು.’